ಬಿಳಿ ಕೋಟಿನವನ ಬೆನ್ನಿಗೆ ಯಾರು?

ಆಟ ನೋಡಲು ಹೋದವರು ಬ್ಯಾಟು ಹಿಡಿದವನನ್ನು ನೋಡುತ್ತಾರೆ, ಚೆಂಡು ಎಸೆಯುವವನನ್ನು ನೋಡುತ್ತಾರೆ. ನಡುವೆ ಬಿಳಿ ಕೋಟು ತೊಟ್ಟು ಬಿಸಿಲಿನಲ್ಲಿ ಕಂಬದಂತೆ ನಿಂತವನ ಕಡೆಗೆ ಅವರ ಕಣ್ಣು ಹೋಗುವುದು ಅವನು ಬೆರಳೆತ್ತಿದಾಗ ಮಾತ್ರ. ಅದೂ ಬಹುಮಟ್ಟಿಗೆ ಬೈಯುವುದಕ್ಕೆ. 1999ರ ಫೆಬ್ರವರಿಯಲ್ಲಿ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಉರುಳಿಸಿದುದು ಕನ್ನಡಿಗರ ಮನೆಯ ಮಕ್ಕಳಿಗೂ ಗೊತ್ತು. ಆ ಪಂದ್ಯದ ಇಬ್ಬರು ಅಂಪೈರರಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ಎ. ವಿ. ಜಯಪ್ರಕಾಶರು ಎಂಬುದು ಎಷ್ಟು ಮಂದಿಗೆ ನೆನಪಿದೆ?

ಅಂಥ ದೊಡ್ಡವರ ಮಾತು ಬೇರೆ. ಅವರ ಹಿಂದೆ ದೊಡ್ಡ ಮಂಡಲಿ ಇರುತ್ತದೆ, ಮೈದಾನದಲ್ಲಿ ವೈದ್ಯರಿರುತ್ತಾರೆ. ಈ ಲೇಖನ ನಮ್ಮಂಥವರದು. ವಾರದಲ್ಲಿ ಐದು ದಿನ ಕಛೇರಿಯ ಫೈಲುಗಳ ನಡುವೆ ಕುಳಿತು, ಶನಿವಾರ ಭಾನುವಾರಗಳಲ್ಲಿ ಮುಂಬಯಿಯ ಆಜಾದ್ ಮೈದಾನ, ಕ್ರಾಸ್ ಮೈದಾನ, ಶಿವಾಜಿ ಪಾರ್ಕುಗಳಲ್ಲಿ ಒಂದಿಷ್ಟು ಫೀಜಿಗೆ ಅಂಪೈರಿಂಗ್ ಮಾಡುವವರು ನಾವು. ಪುಣೆಯಲ್ಲಿ ಕಬಡ್ಡಿ ರೆಫರಿಯಾಗಿರುವ ಹುಬ್ಬಳ್ಳಿಯವರು, ಚೆನ್ನೈಯಲ್ಲಿ ಶಾಲಾ ಪಂದ್ಯಗಳ ಸೀಟಿ ಊದುವ ಮಂಗಳೂರಿನವರು, ಹೈದರಾಬಾದಿನಲ್ಲಿ ವಾಲಿಬಾಲ್ ಪಂದ್ಯ ನಡೆಸುವ ಕಲಬುರಗಿಯವರು, ಎಲ್ಲರೂ ಈ ನಮ್ಮ ಪಂಗಡದವರೇ. ಆ ಹಣದಿಂದ ಮಗಳ ಸಂಗೀತದ ಪಾಠವೋ ಊರಿಗೆ ಹೋಗುವ ರೈಲಿನ ಟಿಕೆಟ್ಟೋ ಆಗುತ್ತದೆ. ಆದರೆ ಆ ಹಣ ಕೈಗೆ ಬರುವ ಹೊತ್ತಿನಲ್ಲಿ ಎರಡು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ನಮಗೆ ಪೆಟ್ಟು ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ? ನಮ್ಮ ತಪ್ಪಿನಿಂದ ಇನ್ನೊಬ್ಬನಿಗೆ ಪೆಟ್ಟಾಯಿತೆಂದು ದಾವೆ ಬಂದರೆ ಯಾರು ಕೊಡುತ್ತಾರೆ?

ಪೆಟ್ಟು ಅಪರೂಪದ್ದಲ್ಲ

2014ರ ನವೆಂಬರ್ 29ರಂದು ಇಸ್ರೇಲಿನ ಅಶ್ದೋದ್ ನಗರದಲ್ಲಿ ಹಿಲೆಲ್ ಆಸ್ಕರ್ ಎಂಬ ಅಂಪೈರರು ಚೆಂಡು ತಗುಲಿ ತೀರಿಕೊಂಡರು. ಅವರು ಹಿಂದೆ ಆ ದೇಶದ ತಂಡದ ನಾಯಕರಾಗಿದ್ದವರು. ಆಸ್ಟ್ರೇಲಿಯದ ಫಿಲಿಪ್ ಹ್ಯೂಸ್ ತೀರಿಕೊಂಡು ಆಗ ಎರಡೇ ದಿನವಾಗಿತ್ತು. 2015ರ ಡಿಸೆಂಬರಿನಲ್ಲಿ ತಮಿಳುನಾಡಿನ ದಿಂಡಿಗಲ್ಲಿನಲ್ಲಿ ರಣಜಿ ಪಂದ್ಯ ನಡೆಯುತ್ತಿರುವಾಗ ಆಸ್ಟ್ರೇಲಿಯದ ಅಂಪೈರ್ ಜಾನ್ ವಾರ್ಡ್‌ರ ತಲೆಗೆ ಚೆಂಡು ಬಡಿದು ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಂದಿನ ತಿಂಗಳು ಅವರು ಅಂತರರಾಷ್ಟ್ರೀಯ ಪಂದ್ಯಕ್ಕೆ ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಬಂದರು. 2016ರ ಡಿಸೆಂಬರಿನಲ್ಲಿ ನಮ್ಮ ವಾಂಖೆಡೆಯಲ್ಲಿಯೇ, ಇಂಗ್ಲೆಂಡಿನ ಎದುರು ಟೆಸ್ಟ್ ನಡೆಯುವಾಗ, ಅಂಪೈರ್ ಪಾಲ್ ರೈಫೆಲ್‌ರ ತಲೆಗೆ ಫೀಲ್ಡರನು ಎಸೆದ ಚೆಂಡು ಬಡಿದು ಅವರು ಮೈದಾನ ಬಿಡಬೇಕಾಯಿತು.

ಇದೆಲ್ಲ ಹುಲ್ಲುಹಾಸಿನ ದೊಡ್ಡ ಮೈದಾನಗಳ ಕಥೆ. ಒಂದರ ಮೈಮೇಲೆ ಒಂದು ಎಂಬಂತೆ ಹತ್ತಾರು ಪಂದ್ಯಗಳು ನಡೆಯುವ ನಮ್ಮ ಮುಂಬಯಿ ಮೈದಾನಗಳಲ್ಲಿ ಅಪಾಯ ಎದುರಿನಿಂದ ಮಾತ್ರ ಬರುವುದಿಲ್ಲ, ಬೆನ್ನ ಹಿಂದಿನಿಂದಲೂ ಬರುತ್ತದೆ. ಮೈಸೂರು ಅಸೋಸಿಯೇಷನ್ ಇರುವ ನಮ್ಮ ಮಾಟುಂಗದಲ್ಲಿಯೇ, ದಡ್ಕರ್ ಮೈದಾನದಲ್ಲಿ, 2024ರ ಜನವರಿಯಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ಒಬ್ಬರಿಗೆ ಪಕ್ಕದ ಪಂದ್ಯದ ಚೆಂಡು ಕಿವಿಯ ಹಿಂಭಾಗಕ್ಕೆ ಬಡಿದು ಅವರು ಪ್ರಾಣ ಬಿಟ್ಟರು. ಅವರ ಜಾಗದಲ್ಲಿ ಲೆಗ್ ಅಂಪೈರ್ ನಿಂತಿದ್ದರೂ ಆಗುವುದು ಅದೇ.

ಸಾವಿನ ಮಾತು ಹಾಗಿರಲಿ, ಹೆಚ್ಚಾಗಿ ಬರುವುದು ಸಣ್ಣ ಪೆಟ್ಟು. ಸಣ್ಣ ಪೆಟ್ಟಿನಲ್ಲಿಯೇ ವಿಮೆಯ ತೂತುಗಳು ಕಾಣುವುದು. ನಮ್ಮ ಬಳಗದ ಒಬ್ಬರು, ವೃತ್ತಿಯಲ್ಲಿ ಉಪಾಧ್ಯಾಯರು, ಒಂದು ಕಂಪನಿಯ ಪಂದ್ಯಾವಳಿಯಲ್ಲಿ ಅಂಪೈರಾಗಿ ನಿಂತಿದ್ದಾಗ ನೇರವಾಗಿ ಬಂದ ಚೆಂಡಿನಿಂದ ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಪ್ಲಾಸ್ಟರ್ ಹಾಕಿ, ಸಂಜೆಗೆ ಮನೆಗೆ ಕಳುಹಿಸಿದರು. ಅವರಿಗೆ ಒಳ್ಳೆಯ ಆರೋಗ್ಯ ವಿಮೆಯೇ ಇತ್ತು. ಆದರೆ 24 ಗಂಟೆ ಒಳರೋಗಿಯಾಗಿ ಇರಲಿಲ್ಲ, ಮಾಡಿದ ಚಿಕಿತ್ಸೆ ಡೇ ಕೇರ್ ಪಟ್ಟಿಯಲ್ಲಿಯೂ ಇರಲಿಲ್ಲ. ಆದುದರಿಂದ ಒಂದು ಕಾಸೂ ಬರಲಿಲ್ಲ. ಕಂಪನಿಯವರು ಪಾಲಿಸಿಯ ಪ್ರಕಾರವೇ ನಡೆದುಕೊಂಡರು, ಅವರನ್ನು ದೂರುವಂತಿಲ್ಲ. ಆರು ವಾರ ಅಂಪೈರಿಂಗ್ ಇಲ್ಲ, ಸಂಜೆಯ ಟ್ಯೂಷನ್ ಇಲ್ಲ. ಪಂದ್ಯಾವಳಿಯ ಸಂಘಟಕರು ಆ ದಿನದ ಫೀಜನ್ನೂ ಒಂದು ಹೂಗುಚ್ಛವನ್ನೂ ಕಳುಹಿಸಿ ಕೈತೊಳೆದುಕೊಂಡರು. ಮನೆಯಾಕೆ ಹಾಲಿನವನಿಗೆ ಎರಡು ತಿಂಗಳು ಬಾಕಿ ಹೇಳಬೇಕಾಯಿತು.

ಮೂರು ಬೇರೆ ಬೇರೆ ಕೊಡೆಗಳು

ವಿಮೆ ಎಂದರೆ ಒಂದೇ ಕೊಡೆ ಎಂದು ನಮ್ಮಲ್ಲನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನಮಗೆ ಬೇಕಾದುದು ಮೂರು. ಆಸ್ಪತ್ರೆಯ ಬಿಲ್ಲು ಕೊಡುವುದು ಆರೋಗ್ಯ ವಿಮೆ. ಅಪಘಾತದಿಂದ ಪ್ರಾಣವೋ ಅಂಗವೋ ದುಡಿಮೆಯೋ ಹೋದರೆ ಗೊತ್ತಾದ ಮೊಬಲಗು ಕೊಡುವುದು ವೈಯಕ್ತಿಕ ಅಪಘಾತ ವಿಮೆ. ನಮ್ಮಿಂದ ಪರರಿಗಾದ ನಷ್ಟವನ್ನು ತುಂಬಿಕೊಡುವುದು ಹೊಣೆಗಾರಿಕೆಯ ವಿಮೆ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಮೊದಲನೆಯದನ್ನು ನೋಡೋಣ. ಕೇಂದ್ರ ಸರಕಾರದ ನೌಕರರಿಗೆ ಸಿ. ಜಿ. ಎಚ್. ಎಸ್. ಇದೆ, ರೈಲ್ವೆಯವರಿಗೆ ತಮ್ಮದೇ ಆಸ್ಪತ್ರೆಗಳಿವೆ. ಇವು ಚಿಕಿತ್ಸೆಗೆ ಸರಿ. ತಪ್ಪಿಹೋದ ದುಡಿಮೆಗೆ ಇವುಗಳಿಂದ ಏನೂ ಸಿಕ್ಕುವುದಿಲ್ಲ. ಖಾಸಗಿ ನೌಕರಿಯವರು ಆಫೀಸಿನ ಗುಂಪು ವಿಮೆಯೊಂದನ್ನೇ ನಂಬಿ ಕೂರಬಾರದು. ನೌಕರಿ ಬಿಟ್ಟ ದಿನ ಅದು ಮುಗಿಯಿತು. ಏನೂ ಇಲ್ಲದವರು 2020ರಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಮಾರುವ ‘ಆರೋಗ್ಯ ಸಂಜೀವನಿ’ಯಿಂದ ಆರಂಭಿಸಬಹುದು. ಅದರಲ್ಲಿ ಬಿಲ್ಲಿನ ನೂರಕ್ಕೆ 5ರಷ್ಟನ್ನು ನಾವೇ ಕೊಡಬೇಕು ಎಂಬುದು ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿನ ನೂರಕ್ಕೆ 18ರ ಜಿ. ಎಸ್. ಟಿ. ತೆಗೆದುಹಾಕಿದ್ದಾರೆ, ಗುಂಪು ಪಾಲಿಸಿಗಳಿಗೆ ಆ ವಿನಾಯಿತಿ ಇಲ್ಲ.

ಅಂಪೈರಾದವನು ಈ ಪಾಲಿಸಿಯಲ್ಲಿ ವಿಶೇಷವಾಗಿ ಓದಬೇಕಾದ ಒಂದು ವಾಕ್ಯವಿದೆ. ಎಲ್ಲ ಕಂಪನಿಗಳ ಆರೋಗ್ಯ ಪಾಲಿಸಿಗಳಲ್ಲಿಯೂ ಒಂದೇ ಮಾತುಗಳಲ್ಲಿ ಬರುವ ವರ್ಜನೆಯೊಂದು, ಅಪಾಯಕಾರಿ ಅಥವಾ ಸಾಹಸದ ಆಟಗಳಲ್ಲಿ ‘ವೃತ್ತಿಪರನಾಗಿ’ ಭಾಗವಹಿಸಿದುದರಿಂದ ಬಂದ ಚಿಕಿತ್ಸೆಯ ಖರ್ಚು ಸಿಕ್ಕುವುದಿಲ್ಲ ಎನ್ನುತ್ತದೆ. ಬೆಟ್ಟ ಹತ್ತುವುದು, ಮೋಟಾರು ಪಂದ್ಯ, ಕುದುರೆ ಪಂದ್ಯ ಮೊದಲಾದ ಹೆಸರುಗಳನ್ನು ಹೇಳಿ, ಇಷ್ಟಕ್ಕೇ ಸೀಮಿತವಲ್ಲ ಎಂದೂ ಸೇರಿಸಿದ್ದಾರೆ. ಪಟ್ಟಿಯಲ್ಲಿ ಕ್ರಿಕೆಟ್ಟೂ ಇಲ್ಲ, ಕಬಡ್ಡಿಯೂ ಇಲ್ಲ, ಅಂಪೈರನಂತೂ ಇಲ್ಲವೇ ಇಲ್ಲ. ಆದರೂ ಆ ಕೊನೆಯ ಮಾತಿನ ಬಾಗಿಲು ತೆರೆದೇ ಇದೆ. ಆದುದರಿಂದ ಪಾಲಿಸಿ ಕೊಳ್ಳುವ ಮೊದಲೇ, “ನಾನು ಫೀಜು ಪಡೆದು ಕ್ರಿಕೆಟ್ ಪಂದ್ಯಗಳಿಗೆ ಅಂಪೈರಿಂಗ್ ಮಾಡುತ್ತೇನೆ, ಅದರಿಂದಾದ ಪೆಟ್ಟಿಗೆ ಈ ಪಾಲಿಸಿ ಅನ್ವಯಿಸುತ್ತದೆಯೆ?” ಎಂದು ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ಏಜೆಂಟರ ಬಾಯಿಮಾತು ಮೈದಾನದ ಧೂಳಿನಂತೆ, ಗಾಳಿ ಬಂದರೆ ಉಳಿಯುವುದಿಲ್ಲ.

ಪ್ರವಾಸಿ ಕನ್ನಡಿಗರಾದ ನಮಗೆ ಇಲ್ಲಿ ಇನ್ನೆರಡು ತೊಡಕುಗಳಿವೆ. ಕೆಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ ಪ್ರೀಮಿಯಂ ಗೊತ್ತುಮಾಡುತ್ತವೆ. ಕಡಮೆಗೆ ಸಿಕ್ಕಿತೆಂದು ಊರಿನ ವಿಳಾಸ ಕೊಟ್ಟು ಪಾಲಿಸಿ ತೆಗೆದುಕೊಂಡು ಮುಂಬಯಿಯಲ್ಲಿಯೋ ದಿಲ್ಲಿಯಲ್ಲಿಯೋ ಆಸ್ಪತ್ರೆ ಸೇರಿದರೆ, ಬಿಲ್ಲಿನ ಒಂದು ಪಾಲು ನಮ್ಮ ತಲೆಗೇ ಬರಬಹುದು. ವಾಸ ಎಲ್ಲಿಯೋ ವಿಳಾಸ ಅಲ್ಲಿಯದೇ ಇರಲಿ. ಎರಡನೆಯದು ಹೆಸರು. ನಮ್ಮಲ್ಲಿ ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಇಲ್ಲಿಯ ಅರ್ಜಿಗಳು ‘ಸರ್‌ನೇಮ್’ ಕೇಳುತ್ತವೆ. ಬ್ಯಾಂಕಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಒಂದು ರೀತಿ, ಪಾಲಿಸಿಯಲ್ಲಿ ಮೂರನೆಯ ರೀತಿ ಹೆಸರಿದ್ದರೆ, ಕಷ್ಟದ ಹೊತ್ತಿನಲ್ಲಿ ಮನೆಯವರು ಇವರೂ ಅವರೂ ಒಬ್ಬರೇ ಎಂದು ಸಾಬೀತು ಮಾಡುತ್ತ ಅಲೆಯಬೇಕಾಗುತ್ತದೆ. ನಾಮಿನಿಯ ಹೆಸರಿಗೂ ಇದೇ ಮಾತು.

ದುಡಿಮೆ ನಿಂತರೆ

ಎರಡನೆಯ ಕೊಡೆ ಅಪಘಾತ ವಿಮೆ. ಇದರಲ್ಲಿ ಅತ್ಯಂತ ಅಗ್ಗದ್ದು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆ. ಬ್ಯಾಂಕು ಖಾತೆಯಿರುವ, 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಿಂದ ಮರಣ ಬಂದರೆ 2 ಲಕ್ಷ. ಎರಡು ಕಣ್ಣು ಹೋದರೂ ಅಷ್ಟೇ. ಒಂದೇ ಕಣ್ಣೋ ಒಂದು ಕೈಯೋ ಕಾಲೋ ಹೋದರೆ 1 ಲಕ್ಷ. ಜೂನ್ 1ರಿಂದ ಮೇ 31ರ ತನಕ ಇದರ ವರ್ಷ. ಮೈದಾನಕ್ಕಿಳಿಯುವ ಯಾರೇ ಆಗಲಿ ಇದನ್ನು ಮಾಡಿಸದೆ ಇರುವುದಕ್ಕೆ ಕಾರಣವೇ ಇಲ್ಲ. ಆದರೆ ಮುರಿದ ಮಣಿಕಟ್ಟಿಗೆ ಇದರಿಂದ ಏನೂ ಬರುವುದಿಲ್ಲ ಎಂಬುದೂ ತಿಳಿದಿರಲಿ.

ಅದಕ್ಕೆ ಬೇಕಾದುದು ‘ತಾತ್ಕಾಲಿಕ ಪೂರ್ಣ ಅಸಾಮರ್ಥ್ಯ’ದ ಅನುಕೂಲ. 2021ರಿಂದ ಎಲ್ಲ ಕಂಪನಿಗಳೂ ಮಾರಬೇಕಾಗಿ ಬಂದ ‘ಸರಳ ಸುರಕ್ಷಾ ಬೀಮಾ’ ಎಂಬ ಮಾದರಿ ಅಪಘಾತ ಪಾಲಿಸಿಯಲ್ಲಿ ಇದನ್ನು ಬೇಕಾದವರು ಸೇರಿಸಿಕೊಳ್ಳಬಹುದು. ಲೆಕ್ಕ ಹೀಗೆ: 10 ಲಕ್ಷದ ಪಾಲಿಸಿಯಾದರೆ ವಾರಕ್ಕೆ ಅದರ ನೂರಕ್ಕೆ 0.2, ಅಂದರೆ 2,000 ರೂಪಾಯಿ, ಹೆಚ್ಚೆಂದರೆ 100 ವಾರ. ಅಪಘಾತದ ಆಸ್ಪತ್ರೆ ಖರ್ಚನ್ನು ಸೇರಿಸಿಕೊಂಡರೆ ಮೊಬಲಗಿನ ನೂರಕ್ಕೆ 10, ಅಂದರೆ 1 ಲಕ್ಷದವರೆಗೆ ಸಿಕ್ಕುತ್ತದೆ. ವಾರದ ಹಣ ಎಷ್ಟು ದಿನದ ಅಸಾಮರ್ಥ್ಯದಿಂದ ಶುರುವಾಗುತ್ತದೆ, ವೈದ್ಯರ ಯಾವ ಪತ್ರ ಬೇಕು ಎಂಬುದನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಬೇಕು.

ಅಪಘಾತ ವಿಮೆಯ ಅರ್ಜಿಯಲ್ಲಿ ಉದ್ಯೋಗದ ಕಾಲಂ ಮುಖ್ಯ. ಗುಮಾಸ್ತನೆಂದರೆ ಕಡಮೆ ಅಪಾಯದ ವರ್ಗ, ಪ್ರೀಮಿಯಂ ಕಡಮೆ. ಹಾಗೆಂದು ಬರೇ ‘ಸರಕಾರಿ ನೌಕರ’ ಎಂದು ಬರೆದು ಸುಮ್ಮನಾದರೆ, ನಾಳೆ ಮೈದಾನದಲ್ಲಿ ಬಿದ್ದ ಪೆಟ್ಟಿಗೆ ಹಣ ಕೇಳುವಾಗ ಸತ್ಯ ಮುಚ್ಚಿಟ್ಟೆ ಎಂಬ ಆಕ್ಷೇಪಣೆ ಬರುತ್ತದೆ. ‘ವಾರಾಂತ್ಯದಲ್ಲಿ ಫೀಜಿಗೆ ಅಂಪೈರಿಂಗ್’ ಎಂದೂ ಬರೆಯಬೇಕು. ಇಲ್ಲಿ ನಮ್ಮ ನೌಕರ ಬಂಧುಗಳಿಗೆ ಇನ್ನೊಂದು ಮಾತು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 15ನೆಯ ನಿಯಮ, ಹವ್ಯಾಸಿಯಾಗಿ ಆಟಗಳಲ್ಲಿ ಭಾಗವಹಿಸಲು ಅನುಮತಿ ಬೇಡವೆನ್ನುತ್ತದೆ. ಫೀಜು ಪಡೆದ ಮೇಲೆ ಹವ್ಯಾಸವೆನ್ನುವುದು ಕಷ್ಟ. ಕಛೇರಿಯ ಲಿಖಿತ ಅನುಮತಿ ಪಡೆದಿದ್ದರೆ ವಿಮೆಯ ಅರ್ಜಿಯಲ್ಲಿ ನಿಜ ಬರೆಯಲು ಕೈ ನಡುಗುವುದಿಲ್ಲ.

ಮೈದಾನಕ್ಕೆ ಸ್ಕೂಟರಿನಲ್ಲಿ ಹೋಗುವವರು ಗಾಡಿಯ ವಿಮೆಯ ಕಾಗದವನ್ನೂ ತೆಗೆದು ನೋಡಲಿ. ವಾಹನದ ಮಾಲಿಕನೇ ಓಡಿಸುವಾಗಿನ ಅಪಘಾತಕ್ಕೆ 15 ಲಕ್ಷದ ಕಡ್ಡಾಯ ರಕ್ಷಣೆ ಅದರಲ್ಲಿರಬೇಕು. ಬೆಳಗ್ಗೆ ಆರಕ್ಕೆ ಹೊರಟು ಬಿಸಿಲಿನಲ್ಲಿ ದಿನವಿಡೀ ನಿಂತು ದಣಿದು ಮರಳುವಾಗ ರಸ್ತೆಯ ಅಪಾಯ ಚೆಂಡಿನದಕ್ಕಿಂತ ಕಡಮೆಯಲ್ಲ.

ದಾವೆ ಬಂದರೆ

ಇನ್ನು ಮೂರನೆಯದು. ಅಂಪೈರನ ಮೇಲೂ ಯಾರಾದರೂ ದಾವೆ ಹಾಕುವರೆ ಎಂದು ನಗುವವರುಂಟು. ಇಂಗ್ಲೆಂಡಿನಲ್ಲಿ 1991ರಲ್ಲಿ ನಡೆದ ಕಿರಿಯರ ರಗ್ಬಿ ಪಂದ್ಯವೊಂದರಲ್ಲಿ, ಹೆಗಲಿಗೆ ಹೆಗಲು ಕೊಟ್ಟು ನೂಕುವ ಗುಂಪು ಮೇಲಿಂದ ಮೇಲೆ ಕುಸಿದು, 17 ವರ್ಷದ ಹುಡುಗನೊಬ್ಬನ ಕತ್ತು ಮುರಿದು ಅವನು ಶಾಶ್ವತವಾಗಿ ಅಂಗಗಳ ಸ್ವಾಧೀನ ಕಳೆದುಕೊಂಡನು. ಕುಸಿತವನ್ನು ತಡೆಯುವ ನಿಯಮಗಳನ್ನು ರೆಫರಿಯು ಜಾರಿಗೆ ತರಲಿಲ್ಲವೆಂದು ನ್ಯಾಯಾಲಯವು 1996ರಲ್ಲಿ ಆತನನ್ನೇ ಹೊಣೆಯೆಂದು ತೀರ್ಮಾನಿಸಿತು. ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 1998ರ ವೇಲ್ಸ್ ಪಂದ್ಯವೊಂದರಲ್ಲಿ ಅನುಭವವಿಲ್ಲದವನನ್ನು ಮುಂದಿನ ಸಾಲಿಗೆ ಬಿಟ್ಟು ಆಟ ಮುಂದುವರಿಸಿದುದಕ್ಕಾಗಿ ರೆಫರಿ ಹೊಣೆಗಾರನಾದುದನ್ನು 2003ರಲ್ಲಿ ಮೇಲ್ಮನವಿಯ ನ್ಯಾಯಾಲಯ ಸ್ಥಿರಪಡಿಸಿತು. ಆತನ ಪುಣ್ಯಕ್ಕೆ ವೇಲ್ಸಿನ ರಗ್ಬಿ ಸಂಘವು ತನ್ನ ರೆಫರಿಯ ಹೊಣೆ ತನ್ನದೇ ಎಂದು ಒಪ್ಪಿಕೊಂಡಿತ್ತು.

ಇವು ಪರದೇಶದ ತೀರ್ಪುಗಳು. ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಅದರ ಹಿಂದಿನ ತರ್ಕ ನಮಗೂ ತಾಗುವಂಥದು. ತಪ್ಪಾಗಿ ಎಲ್. ಬಿ. ಕೊಟ್ಟಿರೆಂದು ಯಾರೂ ನಷ್ಟ ಕೇಳಲಾರರು. ಆದರೆ 2017ರ ಕ್ರಿಕೆಟ್ ಕಾನೂನುಗಳ ಪ್ರಕಾರ ಮೈದಾನ, ಹವೆ, ಬೆಳಕು ಅಪಾಯಕರವಾಗಿವೆಯೆ ಎಂದು ನಿರ್ಣಯಿಸುವ ಅಧಿಕಾರ ಅಂಪೈರರಿಗೇ ಸೇರಿದ್ದು. ಅಧಿಕಾರ ಇದ್ದಲ್ಲಿ ಹೊಣೆಯೂ ಇದೆ. ಕಾಂಗಾ ಲೀಗಿನಂತೆ ಮಳೆಗಾಲದಲ್ಲಿಯೇ ಆಡುವ ಪಂದ್ಯಗಳಲ್ಲಿ, ಸಿಡಿಲು ಬರುತ್ತಿರುವಾಗ, ಕತ್ತಲಾಗಿ ಚೆಂಡು ಕಾಣದಿರುವಾಗ, “ಇನ್ನೆರಡು ಓವರು ಸಾರ್, ಮುಗಿಸಿಬಿಡಿ” ಎಂದು ಎರಡೂ ಕಡೆಯವರು ಅಂಗಲಾಚುವುದುಂಟು. ಆಗ ‘ಇಲ್ಲ’ ಎನ್ನುವುದೇ ಮೊದಲನೆಯ ವಿಮೆ. ಅದಕ್ಕೆ ಪ್ರೀಮಿಯಂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 18ನೆಯ ಕಲಮು ಕೂಡ ಅಪಘಾತವನ್ನು ಅಪರಾಧವಲ್ಲವೆನ್ನುವುದು, ಕಾನೂನುಬದ್ಧ ಕೆಲಸವನ್ನು ತಕ್ಕ ಎಚ್ಚರಿಕೆಯಿಂದ ಮಾಡಿದ್ದರೆ ಮಾತ್ರ.

ನಮ್ಮ ದೇಶದಲ್ಲಿ ವೈದ್ಯರಿಗೆ, ಇಂಜಿನಿಯರರಿಗೆ, ವಕೀಲರಿಗೆ ವೃತ್ತಿ ಹೊಣೆಗಾರಿಕೆಯ ಪಾಲಿಸಿಗಳು ಸುಲಭವಾಗಿ ಸಿಕ್ಕುತ್ತವೆ. ಒಂಟಿ ಅಂಪೈರನು ಹೋಗಿ ಕೇಳಿದರೆ ಕೌಂಟರಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಮಗೆ ಹತ್ತಿರದ ದಾರಿ ಪಂದ್ಯಾವಳಿಯ ಸಂಘಟಕರು ತೆಗೆದುಕೊಳ್ಳುವ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಗೂ ಇದಕ್ಕೂ ಸಂಬಂಧವಿಲ್ಲ. ಅದು ಅಪಾಯಕರ ರಾಸಾಯನಿಕಗಳನ್ನು ಇಟ್ಟುಕೊಳ್ಳುವವರದು.

ಸಂಘಟಕರ ಪಾಲಿಸಿ ಇದೆಯೆಂದರೆ ಸಾಲದು. ವಿಮೆ ಮಾಡಿಸಿದವರ ಪಟ್ಟಿಯಲ್ಲಿ ಅಂಪೈರರೂ ಸೇರಿದ್ದಾರೆಯೆ ನೋಡಬೇಕು. ಸೇರಿದ್ದರೆ ದಾವೆಯಿಂದ ರಕ್ಷಣೆ ಸಿಕ್ಕೀತು, ಆದರೆ ನಮಗೇ ಬಿದ್ದ ಪೆಟ್ಟಿಗೆ ಅದರಿಂದ ಹಣ ಬಾರದಿರಬಹುದು. ಅದಕ್ಕೇ ಎರಡನೆಯ ಕೊಡೆ ಬೇರೆಯಾಗಿ ಬೇಕೆಂದದ್ದು. ಮೊಬಲಗು ಒಂದು ಅಪಘಾತಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು? ವಕೀಲರ ಖರ್ಚು ಅದರೊಳಗೋ ಹೊರಗೋ? ದಾವೆ ಹೂಡಿದ ದಿನ ಪಾಲಿಸಿ ಜೀವಂತವಾಗಿರಬೇಕೋ, ಘಟನೆಯಾದ ದಿನ ಇದ್ದರೆ ಸಾಕೋ? ವೃತ್ತಿ ಹೊಣೆಗಾರಿಕೆಯ ಪಾಲಿಸಿಗಳು ಸಾಮಾನ್ಯವಾಗಿ ಮೊದಲನೆಯ ಬಗೆಯವು. ಸೀಟಿ ಕೆಳಗಿಟ್ಟ ವರ್ಷವೇ ಪಾಲಿಸಿ ಬಿಟ್ಟರೆ ಹಳೆಯ ಪಂದ್ಯದ ದಾವೆಗೆ ರಕ್ಷಣೆ ಇಲ್ಲದಂತಾಗುತ್ತದೆ. ಪ್ರೀಮಿಯಂ ಕಂಪನಿಗೆ ಸಂದ ಮೇಲೆಯೇ ಹೊಣೆ ಆರಂಭವಾಗುವುದು ಕಾನೂನು. “ಚೆಕ್ಕು ಸೋಮವಾರ ಹೋಗುತ್ತದೆ” ಎಂದು ಹೇಳಿ ಭಾನುವಾರ ಆಡಿಸುವ ಪಂದ್ಯಕ್ಕೆ ವಿಮೆಯಿಲ್ಲ.

ಇನ್ನು ಕೆಲವರು ಫೀಜಿನ ರಸೀತಿಯ ಜೊತೆಗೆ ಒಂದು ಕಾಗದಕ್ಕೂ ಸಹಿ ಕೇಳುತ್ತಾರೆ: ಏನಾದರೂ ಆದರೆ ಎಲ್ಲ ನಷ್ಟವನ್ನೂ ಅಂಪೈರನೇ ತುಂಬಿಕೊಡತಕ್ಕದ್ದು. ಇಂಥದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬಾರದು. ಕರಾರಿನಿಂದ ತಾನಾಗಿ ಮೈಮೇಲೆ ಹಾಕಿಕೊಂಡ ಹೊಣೆಯನ್ನು ವಿಮೆಯವರು ಸಾಮಾನ್ಯವಾಗಿ ಹೊರಗಿಡುತ್ತಾರೆ.

ಅವಘಡ ಆದಾಗ ಮೊದಲು ಗಾಯಾಳುವನ್ನು ನೋಡಿಕೊಳ್ಳಬೇಕು, ಆಸ್ಪತ್ರೆಗೆ ಕಳುಹಿಸಬೇಕು. ಮನುಷ್ಯನ ಧರ್ಮ ಅದು. ಅದೇ ಸಂಜೆ ಹೊತ್ತು, ಬೆಳಕು, ಓವರು, ಕಂಡವರ ಹೆಸರು ಎಲ್ಲವನ್ನೂ ಬರೆದಿಟ್ಟು ಕಂಪನಿಗೆ ತಿಳಿಸಬೇಕು. ಆದರೆ ತಪ್ಪು ನನ್ನದೇ ಎಂದು ಯಾರಿಗೂ ಬರೆದುಕೊಡಬಾರದು; ಕಂಪನಿಯನ್ನು ಕೇಳದೆ ಒಪ್ಪಿಕೊಂಡರೆ ರಕ್ಷಣೆ ತಪ್ಪುವ ಷರತ್ತು ಇಂಥ ಪಾಲಿಸಿಗಳಲ್ಲಿ ಇರುತ್ತದೆ.

ಒಟ್ಟಾಗಿ ಹೋದರೆ

ಇಂಗ್ಲೆಂಡಿನ ಕ್ರಿಕೆಟ್ ಅಧಿಕಾರಿಗಳ ಸಂಘದಲ್ಲಿ ಸದಸ್ಯತ್ವದ ಜೊತೆಗೇ ವಿಮೆ ಬರುತ್ತದೆ. ಅಮೆರಿಕದಲ್ಲಿಯೂ 1980ರಲ್ಲಿ ಹುಟ್ಟಿದ ತೀರ್ಪುಗಾರರ ರಾಷ್ಟ್ರೀಯ ಸಂಘ ಹೀಗೆಯೇ ಮಾಡುತ್ತದೆ. ನಾವೂ ನಾವು ಸೇರಿದ ಅಂಪೈರರ ಸಂಘಗಳ ವಾರ್ಷಿಕ ಸಭೆಯಲ್ಲಿ ಈ ಮಾತನ್ನೆತ್ತಬೇಕು. ವಿಮೆಗಾಗಿಯೇ ಕಟ್ಟಿದ ಗುಂಪಿಗೆ ಗುಂಪು ಪಾಲಿಸಿ ಕೊಡಬಾರದೆಂದು ನಿಯಮವಿದೆ. ಬೇರೆ ಉದ್ದೇಶದಿಂದ ಮೊದಲೇ ನಡೆದುಬಂದ ಸಂಘಕ್ಕೆ ಆ ಅಡ್ಡಿಯಿಲ್ಲ. ವರ್ಷಕ್ಕೊಮ್ಮೆ ಕ್ರಿಕೆಟ್ ಪಂದ್ಯವನ್ನೋ ಮಕ್ಕಳ ಓಟವನ್ನೋ ನಡೆಸುವ ನಮ್ಮ ಕನ್ನಡ ಸಂಘಗಳೂ ಸಂಘಟಕರೇ ತಾನೆ? ಶಾಮಿಯಾನದ ಖರ್ಚಿನ ಪಕ್ಕದಲ್ಲಿ ವಿಮೆಯ ಖರ್ಚಿಗೂ ಒಂದು ಸಾಲು ಬರೆಯಲಿ.

ವೈಯಕ್ತಿಕ ಆರೋಗ್ಯ ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಓದಿ, ಒಪ್ಪದಿದ್ದರೆ ಹಿಂತಿರುಗಿಸುವ ಅವಕಾಶವಿದೆ. ಕೇಳಿದ ಹಣ ಅನ್ಯಾಯವಾಗಿ ನಿರಾಕರಿಸಲ್ಪಟ್ಟರೆ ಮೊದಲು ಕಂಪನಿಗೆ ಬರೆಯಬೇಕು. ತಿಂಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ವಿಮಾ ಒಂಬುಡ್ಸ್‌ಮನ್ನರ ಬಳಿಗೆ, 50 ಲಕ್ಷದವರೆಗಿನ ವಿವಾದಗಳಿಗೆ, ಶುಲ್ಕವಿಲ್ಲದೆ ವಕೀಲರಿಲ್ಲದೆ ಹೋಗಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ, ಬೆಂಗಳೂರು ಎಲ್ಲ ಕಡೆಯೂ ಅವರ ಕಛೇರಿಗಳಿವೆ.

ಕಡೆಯದಾಗಿ ಮನೆಯೊಡತಿಯರಲ್ಲಿ ಒಂದು ಬಿನ್ನಹ. ಯಜಮಾನರು ಟೋಪಿ, ಬೇಲ್ಸು, ನೀರಿನ ಶೀಸೆ ಚೀಲಕ್ಕೆ ತುಂಬಿಕೊಂಡು ಹೊರಡುವ ಮೊದಲು, ಪಾಲಿಸಿಯ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ನಾಮಿನಿ ಯಾರು, ಯಾವ ನಂಬರಿಗೆ ಫೋನು ಮಾಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಮೈದಾನದಲ್ಲಿ ಎಲ್ಲರ ಅಳವನ್ನೂ ತೀರ್ಮಾನಿಸುವವರು ತಮ್ಮ ಮನೆಯ ಲೆಕ್ಕವನ್ನು ಮುಂದಿನ ವಾರಕ್ಕೆಂದು ತಳ್ಳುತ್ತ ಬರುವುದು ನಮ್ಮ ಪಂಗಡದ ಹಳೆಯ ಚಾಳಿ. ಬಾಯಾರಿದ ಮೇಲೆ ಬಾವಿ ತೋಡುವುದು ಬೇಡ.